ಕಾಲೇಜು ಗೇಟಿನೆದುರಿನ ಬಿಡಿ ಸಿಗರೇಟು

ಕಾಲೇಜು ವಿದ್ಯಾರ್ಥಿಗಳು ಧೂಮಪಾನಕ್ಕೆ ತೊಡಗುವುದೇಕೆ ಎಂದು ಕೇಳಿದಾಗ ಸಹವಾಸದೋಷ, ಪರೀಕ್ಷೆಯ ಒತ್ತಡ, ಸಿನಿಮಾ ನಾಯಕರ ಅನುಕರಣೆ ಎಂಬ ಉತ್ತರಗಳು ಥಟ್ಟನೆ ಬರುತ್ತವೆ. ಅವುಗಳಲ್ಲಿ ಸತ್ಯಾಂಶವಿದ್ದರೂ, ಊರು ಬಿಟ್ಟು ಬಂದು ಹಾಸ್ಟೆಲ್ಲೋ ಪಿ.ಜಿ.ಯೋ ಸೇರಿದ ಹುಡುಗನ ಕೈಗೆ ಮೊದಲ ಸಿಗರೇಟು ಇಷ್ಟು ಸಲೀಸಾಗಿ ಸಿಗುವುದು ಹೇಗೆಂಬುದನ್ನು ಅವು ತಿಳಿಸುವುದಿಲ್ಲ. ಅದನ್ನು ತಿಳಿಯಲು ಕಾಲೇಜಿನ ಹತ್ತಿರದ ಗೂಡಂಗಡಿಯನ್ನೇ ನೋಡಬೇಕು.

ಬೆಂಗಳೂರಿನ ಇಂಥ ಅಂಗಡಿಗಳಲ್ಲಿ ಬಾಯಿ ತೆರೆದ ಸಿಗರೇಟು ಪ್ಯಾಕುಗಳು, ದಾರಕ್ಕೆ ಕಟ್ಟಿ ಇಳಿಬಿಟ್ಟ ಲೈಟರ್, ವಾಸನೆ ಅಡಗಿಸುವ ಪೆಪ್ಪರ್‌ಮಿಂಟಿನ ಡಬ್ಬಿ ಒಂದರ ಪಕ್ಕ ಒಂದು ಇರುತ್ತವೆ. ಹೀಗಾಗಿ ವಿದ್ಯಾರ್ಥಿಯು ಪ್ಯಾಕು ಕೊಳ್ಳಬೇಕಿಲ್ಲ, ಕೋಣೆಯಲ್ಲಿ ಬಚ್ಚಿಡಬೇಕಿಲ್ಲ, ಬೆಂಕಿಪೊಟ್ಟಣವನ್ನೂ ಇಟ್ಟುಕೊಳ್ಳಬೇಕಿಲ್ಲ. 'ಅಣ್ಣಾ, ಎರಡು ಟೀ, ಒಂದು ಸಿಗರೇಟು' ಎಂದರೆ ಸಾಕು. ಆ ಒಂದೇ ಸಿಗರೇಟು ಇಬ್ಬರು ಮೂವರ ಕೈ ದಾಟುವಾಗ, ಹೊಸಬನಿಗೆ ಬೇಕಾಗಿರುವುದು ಹೊಗೆಗಿಂತ ಹೆಚ್ಚಾಗಿ ಆ ಗುಂಪಿನಲ್ಲಿ ಒಂದು ಜಾಗ. ತಾನು ಧೂಮಪಾನಿಯಾಗಬೇಕೆಂದು ಅವನು ಎಂದೂ ತೀರ್ಮಾನಿಸಿರುವುದಿಲ್ಲ. ಬಿಡಿ ಮಾರಾಟವು ಅಂಥ ತೀರ್ಮಾನದ ಅಗತ್ಯವನ್ನೇ ಇಲ್ಲವಾಗಿಸುತ್ತದೆ.

ಪ್ಯಾಕಿನ ಮೇಲಿನ ಚಿತ್ರಸಹಿತ ಎಚ್ಚರಿಕೆಯ ಕಥೆಯನ್ನು ಇಲ್ಲಿ ಗಮನಿಸಬೇಕು. ಆ ಎಚ್ಚರಿಕೆಯು ಪ್ಯಾಕಿನ ಶೇ. 85ರಷ್ಟು ಭಾಗವನ್ನು ಆವರಿಸಬೇಕೆಂಬ ನಿಯಮ 2016ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. 2017ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಪಡಿಸಿತು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ಇಷ್ಟೊಂದು ವ್ಯಾಜ್ಯಕ್ಕೆ ಕಾರಣವಾದ ಆ ಚಿತ್ರವು ಅಂಗಡಿಯವನ ಬಳಿಯೇ ಉಳಿದು, ಎಚ್ಚರಿಕೆಯ ಒಂದಕ್ಷರವೂ ಇಲ್ಲದ ಬಿಳಿಯ ಕಡ್ಡಿ ಮಾತ್ರ ವಿದ್ಯಾರ್ಥಿಯ ಬೆರಳಿಗೆ ಬರುತ್ತದೆ. ಎಚ್ಚರಿಕೆ ಯಾರಿಗೆ ಅತ್ಯಗತ್ಯವೋ ಅವರಿಗೇ ಅದು ಮುಟ್ಟದಿರುವುದು ಸಣ್ಣ ಲೋಪವಲ್ಲ.

ಉಳಿದ ಕೆಲಸವನ್ನು ನಿಕೋಟಿನ್ ಮಾಡುತ್ತದೆ. ತಂಬಾಕಿನಲ್ಲಿ ಚಟ ಹಿಡಿಸುವ ಈ ರಾಸಾಯನಿಕವು ಹೊಗೆಯೊಡನೆ ಶ್ವಾಸಕೋಶ ಸೇರಿ, ಕೆಲವೇ ಸೆಕೆಂಡುಗಳಲ್ಲಿ ಮೆದುಳನ್ನು ತಲುಪಿ, ಹಿತಾನುಭವಕ್ಕೆ ಕಾರಣವಾಗುವ ಡೋಪಮಿನ್ ಎಂಬ ದ್ರವ್ಯ ಸ್ರವಿಸುವಂತೆ ಮಾಡುತ್ತದೆ. ಮೆದುಳಿನ ಬೆಳವಣಿಗೆ ಸುಮಾರು 25ನೆಯ ವಯಸ್ಸಿನವರೆಗೂ ಮುಂದುವರಿಯುವುದರಿಂದ ಕಾಲೇಜು ವಯಸ್ಸಿನಲ್ಲಿ ಚಟ ಬೇಗ ಬೇರೂರುತ್ತದೆ. ಪರೀಕ್ಷೆಯ ಹೊತ್ತಿನಲ್ಲಿ ಸಿಗರೇಟು ಮನಸ್ಸನ್ನು ಹಗುರಮಾಡುತ್ತದೆಂಬ ನಂಬಿಕೆಯೂ ಬಹುಮಟ್ಟಿಗೆ ಭ್ರಮೆಯೇ; ನಿಕೋಟಿನ್ ಸಿಗದಾಗ ಹುಟ್ಟುವ ಚಡಪಡಿಕೆಯನ್ನು ಮುಂದಿನ ಸಿಗರೇಟು ತಣಿಸುವುದನ್ನೇ ವಿದ್ಯಾರ್ಥಿ ನೆಮ್ಮದಿಯೆಂದು ತಿಳಿಯುತ್ತಾನೆ.

ಕಾನೂನಿಗೇನೂ ಕೊರತೆಯಿಲ್ಲ. 2003ರ ಕೇಂದ್ರ ಕಾಯ್ದೆಯು ತಂಬಾಕಿನ ಜಾಹೀರಾತನ್ನೂ ಶಾಲಾ ಕಾಲೇಜುಗಳಿಂದ ನೂರು ಗಜದೊಳಗಿನ ಮಾರಾಟವನ್ನೂ ನಿಷೇಧಿಸಿತು; ಕರ್ನಾಟಕವು 2017ರಲ್ಲಿ ಬಿಡಿ ಸಿಗರೇಟು ಮಾರಾಟಕ್ಕೆ ನಿಷೇಧ ಹೇರಿತು; 2025ರಲ್ಲಿ ಜಾರಿಗೆ ಬಂದ ರಾಜ್ಯ ತಿದ್ದುಪಡಿಯು ಖರೀದಿಯ ಕನಿಷ್ಠ ವಯಸ್ಸನ್ನು 18ರಿಂದ 21ಕ್ಕೆ ಏರಿಸಿತು. ಪದವಿ ತರಗತಿಯ ಬಹುಪಾಲು ವಿದ್ಯಾರ್ಥಿಗಳು ಈ ವಯೋಮಿತಿಯೊಳಗೇ ಬರುವುದರಿಂದ ತಿದ್ದುಪಡಿಯ ಮಹತ್ವ ದೊಡ್ಡದು. ಆದರೆ ಈ ಕಾನೂನುಗಳು ಕಾಗದದಲ್ಲೇ ಉಳಿಯಬಾರದೆಂದರೆ, ಹುಡುಗರನ್ನು ಹಿಡಿದು ದಂಡ ಹಾಕುವುದಕ್ಕಿಂತ ಬಿಡಿ ಮಾರಾಟವನ್ನು ನಿಜವಾಗಿಯೂ ನಿಲ್ಲಿಸುವುದು, ಈಗಾಗಲೇ ಚಟಕ್ಕೆ ಸಿಲುಕಿದವರಿಗೆ ನಿಮ್ಹಾನ್ಸ್‌ನಿಂದ ಕನ್ನಡದಲ್ಲೂ ಆಪ್ತಸಲಹೆ ದೊರಕಿಸುವ 1800-11-2356 ಎಂಬ ಉಚಿತ ಸಹಾಯವಾಣಿಯನ್ನು ಪ್ರತಿ ಕಾಲೇಜಿನ ಸೂಚನಾ ಫಲಕದಲ್ಲಿ ಬರೆಸುವುದು ಹೆಚ್ಚು ಫಲಕಾರಿ.