ದೀರ್ಘ ಸಾಹಸಕಥೆಯ ಸ್ವಾರಸ್ಯ

ಕಥೆ ಕೇಳುವ ಆಸೆ ಮನುಷ್ಯನಿಗೆ ಹುಟ್ಟಿನೊಡನೆಯೇ ಬಂದುದು. ವಸ್ತಾರೆ, ಮೂಡಿಗೆರೆ, ಕಳಸಗಳ ಸೀಮೆಯಲ್ಲಿ ಮಳೆಗಾಲವು ದೀರ್ಘವಾದುದು. ಮಲೆನಾಡಿನ ಹಳ್ಳಿಗಳಲ್ಲಿ ಅಂಥ ರಾತ್ರಿಗಳನ್ನು ಹಿರಿಯರು ಭಾರತವಾಚನದಿಂದ ಕಳೆಯುತ್ತಿದ್ದರು. ಕುಮಾರವ್ಯಾಸನು ಭಾಮಿನೀ ಷಟ್ಪದಿಯಲ್ಲಿ ರಚಿಸಿದ ಹತ್ತು ಪರ್ವಗಳು ಒಂದೆರಡು ರಾತ್ರಿಗಳಲ್ಲಿ ಮುಗಿಯುವಂಥವಲ್ಲ. ಪುಸ್ತಕವನ್ನು ಮುಚ್ಚಿದರೆ ಮುಂದಿನ ಸಂಧಿಗಾಗಿ ಮರುರಾತ್ರಿಯವರೆಗೆ ಕಾಯಬೇಕಾಗಿತ್ತು. ಇಂದು ಮಕ್ಕಳಲ್ಲಿ ಹಲವರು ‘ಅನಿಮೆ’ ಎಂಬ ಹೆಸರಿನ ಜಪಾನೀ ಚಿತ್ರಧಾರಾವಾಹಿಗಳನ್ನು ನೋಡುತ್ತಾರೆ. ಸಾವಿರ ಕಂತು ಕಳೆದರೂ ಮುಗಿಯದ ಕಥೆಯಲ್ಲಿ ಅಂಥದೇನಿದೆ ಎಂದು ಹಿರಿಯರು ಕೇಳುವುದು ಸಹಜ. ಈ ಪ್ರಶ್ನೆಯು ವಿಚಾರಯೋಗ್ಯವಾದುದು.

ಉದಾಹರಣೆಗೆ ‘ಒನ್ ಪೀಸ್’ ಧಾರಾವಾಹಿಯನ್ನು ತೆಗೆದುಕೊಳ್ಳಬಹುದು. ಐಇಚಿರೊ ಓಡಾ ಎಂಬ ಚಿತ್ರಕಾರರು 1997ರಲ್ಲಿ ಇದನ್ನು ಚಿತ್ರಕಥೆಯಾಗಿ ಆರಂಭಿಸಿದರು. ಟೋಯಿ ಸಂಸ್ಥೆಯು ನಿರ್ಮಿಸಿದ ಧಾರಾವಾಹಿಯು 1999ರ ಅಕ್ಟೋಬರಿನಲ್ಲಿ ಮೊದಲಾಗಿ, 2021ರ ನವೆಂಬರಿನಲ್ಲಿ ಸಾವಿರನೆಯ ಕಂತನ್ನು ಮುಟ್ಟಿತು. ಹುಲ್ಲಿನ ಟೋಪಿಯ ಲೂಫಿ ಎಂಬ ಹುಡುಗನು ಒಂದು ಮಹಾನಿಧಿಯನ್ನು ಅರಸಿ ಕಡಲಿಗಿಳಿಯುವುದೇ ಇದರ ವಸ್ತು.

ಮುಂದೇನಾಗುವುದೆಂಬ ಕುತೂಹಲವೊಂದೇ ಇಂಥ ಕಥೆಯ ಬಲವಲ್ಲ. ಭಾರತವನ್ನು ಕೇಳುವವರಿಗೆ ಗೆಲ್ಲುವವರಾರೆಂಬುದು ಮೊದಲೇ ತಿಳಿದಿರುತ್ತದೆ. ಆದರೂ ಅವರು ಮತ್ತೆ ಬಂದು ಕೂರುತ್ತಾರೆ. ದೀರ್ಘಕಥೆಯ ಮೊದಲ ಫಲವೆಂದರೆ ಪಾತ್ರಗಳ ಸಹವಾಸ. ಲೂಫಿಯ ಹಡಗಿಗೆ ಸಂಗಡಿಗರು ಒಬ್ಬೊಬ್ಬರಾಗಿ ಸೇರುತ್ತಾರೆ. ಒಬ್ಬನಿಗೆ ಮಹಾ ಖಡ್ಗವೀರನಾಗುವ ಹಂಬಲ, ಒಬ್ಬಳಿಗೆ ಲೋಕದ ನಕ್ಷೆಯನ್ನು ಬರೆಯುವ ಹಂಬಲ. ವರ್ಷಗಟ್ಟಲೆ ಜೊತೆಗಿದ್ದ ಮೇಲೆ ಅವರ ಕಷ್ಟವು ನೆರೆಮನೆಯವರ ಕಷ್ಟದಂತೆ ನಮ್ಮನ್ನು ತಟ್ಟುತ್ತದೆ.

ಎರಡನೆಯದು, ಹಿಂದೆ ಬಿತ್ತಿದ್ದು ಬಹುಕಾಲದ ಮೇಲೆ ಫಲಿಸುವ ಸೊಗಸು. 2001ರ ಕಂತುಗಳಲ್ಲಿ ಲಬೂನ್ ಎಂಬ ತಿಮಿಂಗಿಲವು ಬರುತ್ತದೆ. ಮರಳಿ ಬರುವೆವೆಂದು ಮಾತು ಕೊಟ್ಟು ಹೋದ ಗೆಳೆಯರಿಗಾಗಿ ಅದು ಐವತ್ತು ವರ್ಷಗಳಿಂದ ಕಾದಿದೆ. 2008ರ ಕಂತುಗಳಲ್ಲಿ ಬ್ರೂಕ್ ಎಂಬ ಅಸ್ಥಿಪಂಜರರೂಪದ ಸಂಗೀತಗಾರನು ಬರುತ್ತಾನೆ. ಮಾತು ಕೊಟ್ಟವರಲ್ಲಿ ಉಳಿದವನು ಅವನೊಬ್ಬನೇ ಎಂಬುದು ಆಗ ತಿಳಿಯುತ್ತದೆ. ನಡುವಿನ ಏಳು ವರ್ಷಗಳನ್ನು ನೋಡುಗನೂ ಕಳೆದಿರುತ್ತಾನೆ. ಆದುದರಿಂದ ತಿಮಿಂಗಿಲದ ನಿರೀಕ್ಷೆಯ ಭಾರವು ಅವನಿಗೂ ಸ್ವಲ್ಪಮಟ್ಟಿಗೆ ಅರಿವಾಗುತ್ತದೆ. ಎರಡು ಗಂಟೆಯ ಚಲನಚಿತ್ರಕ್ಕೆ ಇದು ಸುಲಭಸಾಧ್ಯವಲ್ಲ.

ಮೂರನೆಯದು, ಅರಸುವ ವಸ್ತುವಿಗಿಂತ ಅರಸುವ ದಾರಿಯೇ ಹಿರಿದೆಂಬ ಅರಿವು. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯಲ್ಲಿ ಹಾರುವ ಓತಿಯು ಹುಡುಕಿ ಹೋದವರ ಕೈಗೆ ಸಿಕ್ಕದೆ ತೇಲಿಹೋಗುತ್ತದೆ. ಆದರೆ ಅವರ ಪಯಣವು ವ್ಯರ್ಥವೆಂದು ಓದುಗರಾರಿಗೂ ತೋರುವುದಿಲ್ಲ. ಕಾಡು, ಜೇನು, ಜೊತೆಗಾರರ ಸ್ವಭಾವ ಎಲ್ಲವೂ ದಾರಿಯಲ್ಲಿಯೇ ದೊರೆತಿರುತ್ತವೆ. ‘ಒನ್ ಪೀಸ್’ನಲ್ಲಿಯೂ ಪ್ರತಿಯೊಂದು ದ್ವೀಪಕ್ಕೆ ತನ್ನದೇ ಆದ ಚರಿತ್ರೆ, ಕಟ್ಟಳೆ, ಅನ್ಯಾಯಗಳಿವೆ, ನಿಧಿಯು ದೂರವಿದ್ದರೂ ಆಯಾ ದ್ವೀಪದ ಕಥೆಯು ತನ್ನಷ್ಟಕ್ಕೆ ಪೂರ್ಣವಾಗಿರುತ್ತದೆ.

ಇಂಥ ಧಾರಾವಾಹಿಗಳಲ್ಲಿ ದೋಷಗಳಿಲ್ಲವೆಂದಲ್ಲ. ಮುದ್ರಿತ ಚಿತ್ರಕಥೆಯನ್ನು ದಾಟಿ ಮುಂದೆ ಹೋಗಬಾರದೆಂಬ ಕಾರಣದಿಂದ ಕೆಲವು ಕಂತುಗಳಲ್ಲಿ ಕಥೆಯು ತೆವಳುತ್ತದೆ, ಹಿಂದಿನದೇ ಮರಳಿ ಬರುತ್ತದೆ. ಒಂದೇ ದಿನ ಹತ್ತಾರು ಕಂತುಗಳನ್ನು ನೋಡುವವನಿಗೆ ಈ ಬೇಸರವು ಹೆಚ್ಚು. ಕಾಯುವುದರಿಂದ ಬರುವ ಸವಿಯನ್ನೂ ಅವನು ಕಳೆದುಕೊಳ್ಳುತ್ತಾನೆ. ದಿನಕ್ಕೊಂದು ಕಂತನ್ನು ನೋಡಿ, ಕಂಡುದನ್ನು ಗೆಳೆಯರೊಡನೆ ಚರ್ಚಿಸುವುದು ಮೇಲು. ಭಾರತದ ವಾಚನವೂ ಹಾಗೆಯೇ ನಡೆಯುತ್ತಿತ್ತು. ರಾತ್ರಿ ಕೇಳಿದ ಸಂಧಿಯು ಹಗಲಿನ ಮಾತಾಗುತ್ತಿತ್ತು.

ರಾಗವಾಗಿ ಷಟ್ಪದಿಯನ್ನು ಓದಬಲ್ಲ ಹಿರಿಯರು ಈಗ ವಿರಳ. ಸಾವಿರ ಕಂತುಗಳನ್ನು ತಾಳ್ಮೆಯಿಂದ ನೋಡಬಲ್ಲ ಮಕ್ಕಳಿಗೆ ಒಂದು ಪರ್ವವನ್ನು ಕೇಳುವ ತಾಳ್ಮೆಯಿಲ್ಲವೆಂದು ಹೇಳಲಾಗದು. ಅಂಥ ಹಿರಿಯರು ಊರಿನಲ್ಲಿ ಇರುವಾಗಲೇ, ಮಳೆಗಾಲದ ಕೆಲವು ಸಂಜೆಗಳನ್ನು ವಿದ್ಯಾರ್ಥಿಗಳು ಅವರ ಬಳಿ ಕಳೆಯುವುದು ಒಳಿತು.