ಮಹಾಬಳೇಶ್ವರ ಯಾಕ ತಂಪು?

ಬೇಸಿಗೆಯಲ್ಲಿ ನಮ್ಮ ಬನಹಟ್ಟಿಯೊಳಗ ಮಗ್ಗದ ಮುಂದ ಕೂಡ್ರಾಕ ಆಗೂದಿಲ್ಲ. ಸೆಕೆ ತಾಳದೆ ಬ್ರಿಟಿಷರು 1864ರಿಂದ ಬೇಸಿಗೆಯ ರಾಜಧಾನಿಯನ್ನೇ ಹಿಮಾಲಯದ ಸಿಮ್ಲಾಕ್ಕೆ ಒಯ್ಯುತ್ತಿದ್ದರು. ಸಿಮ್ಲಾ ನಮಗೆ ಬಹಳ ದೂರ. ಆದರೆ ಸಾತಾರಾ ಜಿಲ್ಲೆಯ ಮಹಾಬಳೇಶ್ವರಕ್ಕೆ ಬೆಳಿಗ್ಗೆ ಹೊರಟರೆ ಸಂಜೀಕ ಮುಟ್ಟಬಹುದು.

ಗುಡ್ಡ ಸೂರ್ಯನಿಗೆ ಹತ್ತಿರ, ಮತ್ತ ತಂಪು ಹೆಂಗ? ಗಾಳಿಗೆ ಕಾವು ಹೆಚ್ಚಾಗಿ ಕಾದ ನೆಲದಿಂದ ಬರುತ್ತದೆ. ಆ ಗಾಳಿ ಮೇಲೇರಿದಂತೆ ಹಿಗ್ಗಿ ತಣ್ಣಗಾಗುತ್ತದೆ. 1000 ಮೀಟರ್ ಏರಿದರೆ ಸುಮಾರು 6 ಡಿಗ್ರಿ ಕಡಿಮೆ. ಮಹಾಬಳೇಶ್ವರದ ಎತ್ತರ 1300 ಮೀಟರಿಗೂ ಹೆಚ್ಚು.

ಅರಬ್ಬಿ ಸಮುದ್ರದಿಂದ ಬರುವ ಹಸಿ ಗಾಳಿ ಸಹ್ಯಾದ್ರಿ ಹತ್ತುವಾಗ ತಣ್ಣಗಾಗಿ, ಮೋಡ ಕಟ್ಟಿ ಅಲ್ಲೇ ಸುರಿಯುತ್ತದೆ. ಅಲ್ಲಿ ವರ್ಷಕ್ಕೆ ಸುಮಾರು 5000 ಮಿ.ಮೀ.ಗೂ ಹೆಚ್ಚು ಮಳೆ. ನಮ್ಮ ಕಡೆ 600 ಮಿ.ಮೀ. ಆದರ ಪುಣ್ಯಾ! ನಾವು ಮಳೆ ನೆರಳಿನ ಪ್ರದೇಶದವರು.

ಹಂಗಂತ ಆ ಮಳೆ ನಮಗೆ ಇಲ್ಲವೇ ಇಲ್ಲ ಅಂತಲ್ಲ. ಹಳೇ ಮಹಾಬಳೇಶ್ವರದ ಪಂಚಗಂಗಾ ಗುಡಿಯೊಳಗ ಕಲ್ಲಿನ ಆಕಳ ಬಾಯಿಂದ ನೀರು ಬೀಳುತ್ತದೆ. ಅಲ್ಲಿ ಹುಟ್ಟುವ ಕೃಷ್ಣೆಯೇ ರಬಕವಿ ಹತ್ತಿರ ಹರಿಯುವ ನಮ್ಮ ಹೊಳಿ. 2019ರ ಆಗಸ್ಟಿನಲ್ಲಿ ಆ ಕಡೆ ಸುರಿದ ಭಾರೀ ಮಳೆಗೆ ಇಲ್ಲಿ ದಂಡಿಯ ಹಳ್ಳಿಗಳಿಗೆ ನೀರು ಹೊಕ್ಕಿತ್ತು.

ಅಲ್ಲಿಯ ಕಾಡು ಮಳೆನೀರನ್ನು ನೆಲದೊಳಗ ಹಿಡಿದಿಟ್ಟು ಮುಂದ ಸಾವಕಾಶ ಬಿಡುತ್ತದೆ. ಆದ್ದರಿಂದ ಅಲ್ಲಿ ಹೋದಾಗ ಗದ್ದಲ ಮಾಡದೆ ನೋಡಿ ಬರ್ರಿ. ಗಿಡ ಮುರೀಬ್ಯಾಡ್ರಿ, ಪ್ಲಾಸ್ಟಿಕ್ ಒಗೀಬ್ಯಾಡ್ರಿ. ಅಲ್ಲಿಯ ನೀರನ್ನೇ ನಾವಿಲ್ಲಿ ಕೊಡದಾಗ ತುಂಬತೀವಿ.