ಸೇರಿದ್ದು ಒಂದೇ ದಿನ, ಕಾನೂನು ಹೊಂದಿದ್ದು ತಲೆಮಾರಿಗೆ

ಪಿ.ಯು. ಫಲಿತಾಂಶ ಬಂದೊಡನೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಪಾಲಕರು ಟ್ರಂಕು-ಕಪಾಟು ತೆಗೆದು ಹುಡುಕುವ ಕಾಗದವೊಂದಿದೆ. ಅದು 371 (ಜೆ) ಪ್ರಮಾಣ ಪತ್ರ. ವೈದ್ಯಕೀಯ ಸೀಟಿಗೂ ಅದು ಬೇಕು, ಮುಂದೆ ಸರಕಾರಿ ನೌಕರಿಗೂ ಅದೇ ಬೇಕು. ಈ ಕಾಗದದ ಬೇರು 1948ರ ಸೆಪ್ಟೆಂಬರ್‌ವರೆಗೆ ಹೋಗುತ್ತದೆ ಎಂಬುದು ಹುಡುಗರಿಗೆ ಅಷ್ಟಾಗಿ ಗೊತ್ತಿಲ್ಲ.

ಒಂದು ನಾಡು ದೊಡ್ಡದೊಂದು ಕೂಟವನ್ನು ಸೇರಿದರೆ ಧ್ವಜ ಒಂದೇ ದಿನದಲ್ಲಿ ಏರುತ್ತದೆ. ಕಾನೂನು ಮಾತ್ರ ಹಾಗಲ್ಲ. ಹಳೆಯ ಕಾಯ್ದೆಗಳಲ್ಲಿ ಯಾವುದು ಉಳಿಯಬೇಕು, ಯಾವುದು ಹೋಗಬೇಕು, ಯಾವುದರಲ್ಲಿ ಹೆಸರು ಬದಲಾಗಬೇಕು ಎಂದು ಒಂದೊಂದಾಗಿ ನೋಡಬೇಕಾಗುತ್ತದೆ.

ಜಗತ್ತಿನ ಉದಾಹರಣೆಯನ್ನೇ ಮೊದಲು ನೋಡೋಣ. ದಕ್ಷಿಣ ಆಫ್ರಿಕಾ 1961ರಲ್ಲಿ ಕಾಮನ್‌ವೆಲ್ತ್ ಬಿಟ್ಟು ಹೋಯಿತು. ವರ್ಣಭೇದದ ಆಡಳಿತ ಮುಗಿದು ನೆಲ್ಸನ್ ಮಂಡೇಲಾ ಅಧ್ಯಕ್ಷರಾದ ಮೇಲೆ, 1994ರ ಜೂನ್ 1ರಂದು ಮರಳಿ ಸೇರಿತು. ಆದರೂ ಬ್ರಿಟನ್ 1995ರಲ್ಲಿ ಅದಕ್ಕೆಂದೇ ಪ್ರತ್ಯೇಕ ಕಾಯ್ದೆ ಮಾಡಬೇಕಾಯಿತು. ಅಲ್ಲಿನ ಹಲವು ಕಾಯ್ದೆಗಳಲ್ಲಿ ಕಾಮನ್‌ವೆಲ್ತ್ ದೇಶಗಳ ಪಟ್ಟಿ ಇರುತ್ತದೆ. ಪೌರತ್ವ ಕಾನೂನಿನ ಪಟ್ಟಿಯಲ್ಲಿ ಹೆಸರಿರುವ ದೇಶದವರು ಬ್ರಿಟನ್ನಿನಲ್ಲಿ ಕಾನೂನುಬದ್ಧವಾಗಿ ನೆಲೆಸಿದ್ದರೆ ಅಲ್ಲಿ ಮತ ಹಾಕಬಹುದು. ಹೆಸರಿಲ್ಲದಿದ್ದರೆ ಆ ಹಕ್ಕಿಲ್ಲ. 1972ರಲ್ಲಿ ಹೊರಬಂದು 1989ರಲ್ಲಿ ಮರಳಿದ ಪಾಕಿಸ್ತಾನಕ್ಕೂ ಬ್ರಿಟನ್ 1990ರಲ್ಲಿ ಹೀಗೆಯೇ ಕಾಯ್ದೆ ಮಾಡಿತು. ಪಟ್ಟಿಯಲ್ಲಿ ಒಂದು ಹೆಸರು ಇದೆಯೋ ಇಲ್ಲವೋ ಎಂಬುದರ ಮೇಲೆ ಸಾವಿರಾರು ಜನರ ಹಕ್ಕು ನಿಂತಿರುತ್ತದೆ.

ನಮ್ಮ ಭಾಗದ ಕಥೆಯೂ ಇದೇ ಜಾತಿಯದು. ಇಲ್ಲಿ ಸೇರಿದ ಕೂಟ ಭಾರತ ಒಕ್ಕೂಟ, ಅಷ್ಟೇ ವ್ಯತ್ಯಾಸ.

ನಿಜಾಮರ ಹೈದರಾಬಾದ್ 1947ರ ಆಗಸ್ಟ್ 15ರಂದು ಭಾರತವನ್ನು ಸೇರಲಿಲ್ಲ. 1948ರ ಸೆಪ್ಟೆಂಬರ್ 13ರಂದು ಪೊಲೀಸ್ ಕಾರ್ಯಾಚರಣೆ ಆರಂಭವಾಗಿ 17ಕ್ಕೆ ನಿಜಾಮರು ಮಣಿದರು. ಆಗ ಈ ಸಂಸ್ಥಾನಕ್ಕೆ ತನ್ನದೇ ಆದ ಎಲ್ಲವೂ ಇತ್ತು. ಅಂಚೆ ಚೀಟಿ ಬೇರೆ, ದಂಡ ಸಂಹಿತೆ ಬೇರೆ, ನಾಣ್ಯವೂ ಬೇರೆ. ಏಳು ಹಾಲಿ ರೂಪಾಯಿ ಕೊಟ್ಟರೆ ಆರು ಕಲ್ದಾರ ಸಿಗುತ್ತಿತ್ತು. ಆಡಳಿತದ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಬೋಧನೆಯೂ ಉರ್ದುವಿನಲ್ಲೇ. ಲೆಕ್ಕದ ವರ್ಷ ಫಸಲಿ. ಹಳೆಯ ಭೂದಾಖಲೆ ಮನೆಯಲ್ಲಿದ್ದರೆ ತೆಗೆದು ನೋಡಿ. ಫಸಲಿ ವರ್ಷಕ್ಕೆ 590 ಅಥವಾ 591 ಕೂಡಿಸಿದರೆ ಇಸವಿ ಸಿಗುತ್ತದೆ. ಹೈದರಾಬಾದ್ ಭೂಕಂದಾಯ ಕಾಯ್ದೆ 1317 ಫಸಲಿಯದು, ಅಂದರೆ 1907-08ರದು.

ಇದನ್ನೆಲ್ಲ ಒಂದೇ ರಾತ್ರಿಯಲ್ಲಿ ಅಳಿಸಿದ್ದರೆ ರೈತನ ಪಟ್ಟಾಕ್ಕೂ ಬೆಲೆ ಇರುತ್ತಿರಲಿಲ್ಲ, ವ್ಯಾಪಾರಿಯ ಪತ್ರಕ್ಕೂ ಬೆಲೆ ಇರುತ್ತಿರಲಿಲ್ಲ. ಆದ್ದರಿಂದ ಹಂತಹಂತವಾಗಿ ಕೆಲಸ ನಡೆಯಿತು. 1949ರಲ್ಲಿ ಜಹಗೀರುಗಳು ರದ್ದಾದವು. ಅದೇ ವರ್ಷ ನವೆಂಬರ್ 23ರಂದು ಭಾರತದ ಸಂವಿಧಾನವೇ ಹೈದರಾಬಾದಿಗೂ ಸಂವಿಧಾನ ಎಂದು ನಿಜಾಮರು ಫರ್ಮಾನು ಹೊರಡಿಸಿದರು. 1950ರ ಜನವರಿ 26ರಂದು ಹೈದರಾಬಾದ್ 'ಬಿ' ವರ್ಗದ ರಾಜ್ಯವಾಯಿತು. ಬದಲಾಯಿಸುವವರೆಗೆ ಹಳೆಯ ಕಾನೂನುಗಳು ನಡೆಯಲಿ ಎಂದು ಸಂವಿಧಾನದ 372ನೇ ವಿಧಿ ಹೇಳಿತು. 1951ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರ ಕಾಯ್ದೆಯೊಂದು ಆಗಿನ ಭಾರತೀಯ ದಂಡ ಸಂಹಿತೆಯನ್ನೂ ಸಾಕ್ಷ್ಯ ಕಾಯ್ದೆಯನ್ನೂ ಇಂಥ ರಾಜ್ಯಗಳಿಗೆ ವಿಸ್ತರಿಸಿತು.

1956ರ ನವೆಂಬರ್ 1ರಂದು ಗುಲ್ಬರ್ಗಾ, ರಾಯಚೂರು, ಬೀದರ್ ಭಾಗಗಳು ಮೈಸೂರು ರಾಜ್ಯಕ್ಕೆ ಬಂದವು. ಆಗಲೂ ಇದೇ ದಾರಿ. ಗಡಿ ಬದಲಾದ ಮಾತ್ರಕ್ಕೆ ಕಾನೂನು ಬದಲಾಗದು ಎಂದು ರಾಜ್ಯ ಪುನರ್‌ವಿಂಗಡಣಾ ಕಾಯ್ದೆಯ 119ನೇ ಕಲಮು ಹೇಳಿತು. ಆದ್ದರಿಂದಲೇ ಕಲಬುರಗಿಯ ರೈತನಿಗೆ ಹೈದರಾಬಾದಿನ ಭೂಕಂದಾಯ ಕಾಯ್ದೆ 1964ರವರೆಗೂ ಅನ್ವಯಿಸಿತು. ಇಡೀ ರಾಜ್ಯಕ್ಕೆ ಒಂದೇ ಭೂಕಂದಾಯ ಕಾಯ್ದೆ ಬಂದದ್ದು ಆ ವರ್ಷ. ನೌಕರರ ಸೇವಾ ಷರತ್ತುಗಳನ್ನು ಕೇಂದ್ರದ ಒಪ್ಪಿಗೆಯಿಲ್ಲದೆ ಅವರಿಗೆ ನಷ್ಟವಾಗುವಂತೆ ಬದಲಿಸಬಾರದು ಎಂಬ ರಕ್ಷಣೆಯೂ ಇತ್ತು.

ಹೀಗೆ ಹೊಲಕ್ಕೆ ರಕ್ಷಣೆ ಸಿಕ್ಕಿತು, ಆಗಲೇ ನೌಕರಿಯಲ್ಲಿದ್ದವರಿಗೂ ಸಿಕ್ಕಿತು. ಮುಂದೆ ನೌಕರಿ ಕೇಳಬೇಕಾದ ಮಕ್ಕಳ ವಿಷಯ ಮಾತ್ರ ಬಿಟ್ಟು ಹೋಯಿತು.

ನಿಜಾಮರ ಕಾಲದಲ್ಲಿ 'ಮುಲ್ಕಿ' ನಿಯಮವಿತ್ತು. ಸಂಸ್ಥಾನದಲ್ಲಿ ಹುಟ್ಟಿದವರಿಗೆ ಅಥವಾ ಹದಿನೈದು ವರ್ಷ ನೆಲೆಸಿದವರಿಗೆ ಸರಕಾರಿ ನೌಕರಿ ಎಂಬುದು ಅದರ ತಿರುಳು. ನೌಕರಿಗೆ ವಾಸದ ಷರತ್ತು ಹಾಕುವುದನ್ನು ಸಂಸತ್ತು 1957ರ ಕಾಯ್ದೆಯಿಂದ ತೆಗೆದುಹಾಕಿತು. ತೆಲಂಗಾಣಕ್ಕೆ ಅದರಲ್ಲಿ ವಿನಾಯಿತಿ ಇತ್ತು. ಒಂದೇ ಸಂಸ್ಥಾನದಿಂದ ಬಂದ ಕನ್ನಡ ಜಿಲ್ಲೆಗಳ ಹೆಸರು ಆ ವಿನಾಯಿತಿಯಲ್ಲಿ ಇರಲಿಲ್ಲ. 1974ರಲ್ಲಿ ಜಾರಿಗೆ ಬಂದ 371 (ಡಿ) ವಿಧಿಯಿಂದ ತೆಲಂಗಾಣಕ್ಕೆ ಸಂವಿಧಾನದ ಬಲವೇ ಸಿಕ್ಕಿತು. ನಮ್ಮ ಹುಡುಗರು ಉರ್ದು ಶಾಲೆಗಳ ನೆರಳಿನಿಂದ ಆಗಷ್ಟೇ ಹೊರಬಂದು, ಮೊದಲಿನಿಂದ ಕಾಲೇಜುಗಳಿದ್ದ ಹಳೆಯ ಮೈಸೂರಿನವರೊಡನೆ ಒಂದೇ ಗೆರೆಯಲ್ಲಿ ನಿಂತು ಓಡಬೇಕಾಯಿತು.

ಇದೇ ಮಾದರಿ ನಮಗೂ ಬೇಕೆಂದು ಚಿಂಚೋಳಿಯ ವೈಜನಾಥ ಪಾಟೀಲರು ಮತ್ತು ಅವರೊಡನಿದ್ದ ಅನೇಕರು ವರ್ಷಗಟ್ಟಲೆ ಹೋರಾಡಿದರು. 2012ರ ಡಿಸೆಂಬರ್‌ನಲ್ಲಿ ಸಂಸತ್ತು ತಿದ್ದುಪಡಿಗೆ ಒಪ್ಪಿತು. 2013ರ ಅಕ್ಟೋಬರ್ 1ರಿಂದ 371 (ಜೆ) ಜಾರಿಗೆ ಬಂತು. ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡ 70 ಸೀಟು ಸ್ಥಳೀಯರಿಗೆ, ರಾಜ್ಯದ ಉಳಿದೆಡೆ ಶೇಕಡ 8 ಎಂದು ನಿಗದಿಯಾಯಿತು. 1957ರಿಂದ ಎಣಿಸಿದರೆ ಐವತ್ತಾರು ವರ್ಷ. ಎರಡು ತಲೆಮಾರು ಅಷ್ಟರಲ್ಲಿ ಓದು ಮುಗಿಸಿ ನೌಕರಿಗೆ ಅಲೆದಾಗಿತ್ತು.

ಪಾಲಕರಿಗೆ ಒಂದು ಮಾತು. ಈ ಹಕ್ಕು ಹುಟ್ಟು ಮತ್ತು ವಾಸದ ದಾಖಲೆಯ ಮೇಲೆ ನಿಂತಿದೆ. ಆದಿತ್ಯನಗರ, ವಾಡಿಗಳ ಸಿಮೆಂಟ್ ಕಾರ್ಖಾನೆಗಳಿಗೆಂದು ಹೊರಗಿನಿಂದ ಬಂದು ನೆಲೆಸಿದ ಕುಟುಂಬಗಳಿಗಂತೂ ವಾಸದ ಕಾಲದ ಲೆಕ್ಕವೇ ಮುಖ್ಯ. ಜನನ ಪತ್ರ, ಶಾಲೆಯ ವ್ಯಾಸಂಗ ಪ್ರಮಾಣ ಪತ್ರ, ಪಡಿತರ ಚೀಟಿಗಳನ್ನು ಜೋಪಾನವಾಗಿಡಿ. ಸಹಾಯಕ ಆಯುಕ್ತರು ಕೊಡುವ ಪ್ರಮಾಣ ಪತ್ರವನ್ನು ಕೊನೆಯ ಗಳಿಗೆಗೆ ಬಿಡದೆ ಪಡೆಯಿರಿ.

ವಿದ್ಯಾರ್ಥಿಗಳೇ, ಒಂದು ಪಟ್ಟಿಯಲ್ಲಿ ಊರ ಹೆಸರು ಬಿಟ್ಟುಹೋದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ದೇಶದ ಪಾಠ ಓದಬೇಕಿಲ್ಲ. ನಿಮ್ಮ ಅಜ್ಜ ಯಾವ ನೌಕರಿಗೆ ಅರ್ಜಿ ಹಾಕಿದ್ದರು, ಏನಾಯಿತು ಎಂದು ಕೇಳಿ ನೋಡಿ. ನಾಳೆ ಕಾನೂನು ಓದಿ ಅಂಥ ಪಟ್ಟಿಗಳನ್ನು ಬರೆಯುವ ಮೇಜಿನ ಮುಂದೆ ಕೂಡುವವರಲ್ಲಿ ನೀವೂ ಇರಬೇಕು.